ಒಂಬತ್ತು ಮನೆಯ ಉಂಗುರ

ನಮ್ಮೂರಿನ ಮದ್ದಿಗೆ ವಾಸಿಯಾಗದವರು ಲೋಕದಲ್ಲಿ ಯಾರಾದರೂ ಇದ್ದರೆ ಅದು ಆ ಮದ್ದನ್ನು ಮಾಡುವ ಒಂಬತ್ತು ಮನೆಯವರು ಮಾತ್ರ. ಇದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆವು. ನಾನಂತೂ ಒಂಬತ್ತು ಮನೆಗೆ ಸೇರಿದವನಲ್ಲ. ಬೀದಿಯ ಕೊನೆಯ ಊರಬಾಗಿಲಲ್ಲಿ ಕೂತು, ತಯಾರಾದ ಮದ್ದನ್ನು ಕೈ ತಾಗಿಸದೆ ಮುತ್ತುಗದ ಎಲೆಯಲ್ಲಿ ಕಟ್ಟಿ ಹೊರಗಿನ ಊರುಗಳಿಗೆ ಕಳಿಸುವವನು. ಎಲ್ಲರೂ ನನ್ನನ್ನು ಬಾಗಿಲಣ್ಣ ಅನ್ನುತ್ತಾರೆ. ಕಳಕೊಳ್ಳುವುದು ಏನೂ ಇಲ್ಲದ್ದರಿಂದ ಹೆಮ್ಮೆ ಪಡುವುದು ನನಗೆ ಇನ್ನೂ ಸುಲಭವಾಗಿತ್ತು.

ಬೀದಿಯ ಮೇಲ್ತುದಿಯಲ್ಲಿ ಮಣ್ಣಿನ ಗುಂಡಿಯಿದೆ. ಎಲ್ಲ ಊರಿನ ಮಣ್ಣಿನಲ್ಲೂ ಇರುವಂಥ ಜೀವಾಣುಗಳೇ ಅದರಲ್ಲೂ ಇರುವುದು. ಹೊಸ ಮಳೆ ಬಿದ್ದಾಗ ನೆಲ ಘಮ್ಮೆನ್ನುತ್ತದಲ್ಲ, ಆ ವಾಸನೆ ಅವುಗಳದ್ದೇ. ನಮ್ಮ ಗುಂಡಿಯಲ್ಲಿ ಅವು ಕಣ್ಣಿಗೆ ಕಾಣುತ್ತವೆ, ಅಷ್ಟೇ ವ್ಯತ್ಯಾಸ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದರೆ ಬಿಳಿ ನೂಲಿನಂತೆ ಹಬ್ಬಿದ ಒಂದೊಂದು ಜೀವಾಣುವಿನ ಹೊಟ್ಟೆಯಲ್ಲೂ ಒಂದು ಪುಟ್ಟ ಬೀದಿ. ತಿನ್ನಲು ಬೇಕಾದಷ್ಟು ಇರುವತನಕ ಆ ಬೀದಿಯವರು ಬಾಗಿಲು ಹಾಕಿಕೊಂಡು ಬಿದ್ದಿರುತ್ತಾರೆ. ತುತ್ತು ಕಡಿಮೆಯಾಗಿ, ನೆರೆಯ ಕ್ರಿಮಿಗಳ ಕಣ್ಣು ಇದ್ದಬದ್ದ ಪಾಲಿನ ಮೇಲೂ ಬಿದ್ದಾಗ ಬಾಗಿಲುಗಳು ತೆರೆಯುತ್ತವೆ. ಒಂದೊಂದು ಬಾಗಿಲಲ್ಲಿ ಒಂದೊಂದು ಕಿಣ್ವ. ಮೊದಲನೆಯದು ಒಂದು ಸಣ್ಣ ತುಂಡನ್ನು ಹಿಡಿದು ಎರಡನೆಯದರ ಕೈಗೆ ಕೊಡುತ್ತದೆ. ಅದು ತನ್ನದೊಂದು ಕೊಂಡಿ ಸೇರಿಸಿ, ಬೇಡದ ಮೊನೆಯನ್ನು ತಟ್ಟಿ, ಮೂರನೆಯದಕ್ಕೆ ದಾಟಿಸುತ್ತದೆ. ಮೂರನೆಯದು ಒಂದು ಹನಿ ನೀರು ಹಿಂಡಿ ತೆಗೆದು ಮುಂದಕ್ಕೆ ಕೊಡುತ್ತದೆ. ಹೀಗೆ ಬೆಳೆಯುವ ಸರಪಣಿ ಕೈಯಿಂದ ಕೈಗೆ ಹೋಗುತ್ತದೆಯೇ ಹೊರತು ಎಲ್ಲೂ ಕೆಳಗೆ ಬೀಳುವುದಿಲ್ಲ. ಏಳನೆಯದು ಅದರ ತಲೆಯನ್ನು ಬಾಲಕ್ಕೆ ಕೂಡಿಸಿ ಉಂಗುರ ಮಾಡುತ್ತದೆ. ಉಳಿದೆರಡು ಆ ಉಂಗುರಕ್ಕೆ ಎರಡು ಕೊಕ್ಕೆ ಹಾಕುತ್ತವೆ. ಮದ್ದು ಅಂದರೆ ಅದೇ ಉಂಗುರ.

ನಮ್ಮ ಹಿರಿಯರು ಗುಂಡಿಯ ಅಂಚಿನಲ್ಲಿ ಕೂತು ಇದನ್ನು ನೋಡಿ ನೋಡಿ ಕಲಿತರಂತೆ. ಅಲ್ಲಿ ಒಂಬತ್ತು ಬಾಗಿಲು, ಇಲ್ಲಿ ಒಂಬತ್ತು ಮನೆ. ನಾಲ್ಕನೇ ಮನೆಯವರಿಗೆ ಐದನೇ ಮನೆಯ ಕೆಲಸ ಗೊತ್ತಿಲ್ಲ, ಗೊತ್ತಿರಬಾರದು. ಹೊರಗಿನಿಂದ ಒಮ್ಮೆ ಬಂದಿದ್ದ ಓದಿದ ಮನುಷ್ಯರೊಬ್ಬರು ನೀವು ಮಣ್ಣನ್ನು ನಕಲು ಮಾಡಿದ್ದೀರಿ ಎಂದು ಬೆರಗಾದರು. ಮೊದಲನೇ ಮನೆಯ ಗುರುಸಿದ್ಧಯ್ಯನವರು, ಬೀದಿಗೆಲ್ಲ ಯಜಮಾನರು, ಯಾರು ಯಾರನ್ನು ನಕಲು ಮಾಡಿದ್ದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ ಎಂದು ಉತ್ತರ ಕೊಟ್ಟರು.

ಉಂಗುರಕ್ಕೆ ಕೈ ಹಾಕುವ ಮೊದಲು ಜೀವಾಣು ಇನ್ನೊಂದು ಕೆಲಸ ಮಾಡುತ್ತದೆ. ಎಲ್ಲ ಜೀವಿಗಳ ಮೈಯೊಳಗೂ ಮಾಂಸಕ್ಕೆ, ಉಗುರಿಗೆ, ಕೂದಲಿಗೆ ನೂಲು ತೆಗೆಯುವ ಒಂದು ರಾಟೆ ಇರುತ್ತದೆ. ಉಂಗುರ ಹೋಗಿ ಸಿಕ್ಕಿಕೊಳ್ಳುವುದು ಆ ರಾಟೆಯ ಬಾಯಿಗೆ. ನೂಲು ನಿಂತರೆ ಕ್ರಿಮಿ ಸತ್ತ ಹಾಗೆ. ತಾನು ಮಾಡಿದ್ದು ತನಗೇ ಮುಳುವಾಗಬಾರದೆಂದು ಜೀವಾಣು ತನ್ನ ರಾಟೆಗೆ ಮೊದಲೇ ಒಂದು ಬೊಟ್ಟು ಇಟ್ಟುಕೊಳ್ಳುತ್ತದೆ. ಬೊಟ್ಟಿದ್ದಲ್ಲಿ ಉಂಗುರ ಕೂರುವುದಿಲ್ಲ. ನಮ್ಮಲ್ಲೂ ಹಾಗೇ. ಮಗುವಿಗೆ ಮೂರು ತಿಂಗಳು ತುಂಬಿದಾಗ ತಾಯಿ ಅದನ್ನು ಒಳಕೋಣೆಗೆ ಒಯ್ದು, ಬಾಗಿಲು ಹಾಕಿಕೊಂಡು, ಗುಂಡಿಯ ಮಣ್ಣನ್ನು ಸೂಜಿಯಲ್ಲಿ ಅದ್ದಿ ಹೆಡತಲೆಗೆ ಚುಚ್ಚುತ್ತಾಳೆ. ಅಲ್ಲಿಂದ ಮುಂದೆ ಉಂಗುರ ಆ ಮಗುವಿಗೆ ಕೇಡನ್ನೂ ಮಾಡದು, ಒಳ್ಳೆಯದನ್ನೂ ಮಾಡದು. ಒಂಬತ್ತು ಮನೆಯವರಿಗೆ ಎದೆ ಕಟ್ಟಿ ಜ್ವರ ಬಂದರೆ ಶುಂಠಿ ಕಷಾಯ, ಅರಿಸಿನದ ಹಾಲು. ಅದಕ್ಕೂ ಬಗ್ಗದಿದ್ದರೆ ಉಳಿದ ಎಂಟು ಮನೆಯವರ ಹೆಗಲು.

ಬೊಟ್ಟಿಲ್ಲದೆ ಈ ಬೀದಿಯಲ್ಲಿ ಬದುಕುವುದು ಸಾಧ್ಯವಿಲ್ಲ, ಯಾಕೆಂದರೆ ನಮ್ಮಲ್ಲಿ ಸಾಕ್ಷಿಸುತ್ತು ಎಂಬುದೊಂದಿದೆ. ಮುಗಿದ ಉಂಗುರವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಮತ್ತೆ ಮೊದಲನೇ ಮನೆಗೆ ಒಯ್ಯುತ್ತಾರೆ. ಅಷ್ಟರಲ್ಲಿ ಅದಕ್ಕೆ ಎಚ್ಚರವಾಗಿರುತ್ತದೆ. ಅಲ್ಲಿಂದ ಒಂಬತ್ತನೇ ಮನೆಯತನಕ ಪ್ರತಿ ಮನೆಯವರೂ ಅದನ್ನು ಒಂದು ಗಳಿಗೆ ದೇವರ ಮುಂದೆ ಇಟ್ಟು, ಮಕ್ಕಳು ಮರಿ ಸಮೇತ ಎಲ್ಲರೂ ಮುಟ್ಟಿ, ತಮ್ಮ ಕೆಲಸ ಸರಿಯಿದೆ ಎಂದು ಒಪ್ಪಿಸಿ ಮುಂದಿನ ಮನೆಗೆ ಕೊಡಬೇಕು. ರೋಗಿ ಒಂದು ಸಲ ನುಂಗಿದರೆ ತಿಂಗಳುಗಟ್ಟಲೆ ಉಗುರು ಬೆಳೆಯುವುದಿಲ್ಲ, ಅಷ್ಟೇ. ದಿನಾ ಮುಟ್ಟುವವರ ಕಥೆ ಬೇರೆ. ಬೊಟ್ಟಿಲ್ಲದವರು ದಿನಾ ಮುಟ್ಟಿದರೆ ಸೊಳ್ಳೆ ಕಚ್ಚಿದ ಗಾಯವೂ ಮಾಯುವುದಿಲ್ಲ.

ಏಳನೇ ಮನೆ ಚೆನ್ನಾಜಮ್ಮನದು. ಸರಪಣಿಯ ತಲೆಯನ್ನು ಬಾಲಕ್ಕೆ ಕೂಡಿಸುವ ಕೆಲಸ ಅವಳ ಕೈಯದು. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಾತು ಕಡ್ಡಿ ಮುರಿದಂತೆ. ಅವಳಿಗಿದ್ದದ್ದು ಒಬ್ಬಳೇ ಮಗಳು, ಹತ್ತೊಂಬತ್ತರ ನಂಜಮಣಿ. ನಗುತ್ತಾ ಬೀದಿಗೆ ಬಂದರೆ ಒಂಬತ್ತು ಮನೆಗೂ ಕೇಳಿಸುವಂಥ ಹುಡುಗಿ. ಆ ವರ್ಷ ಚಳಿ ಶುರುವಾದ ವಾರಕ್ಕೇ ಅವಳ ನಗು ನಿಂತಿತು. ಎಡ ಪಕ್ಕೆಯಲ್ಲಿ ನೋವು, ತುಕ್ಕಿನ ಬಣ್ಣದ ಕಫ, ಹಂಚಿನಂತೆ ಸುಡುವ ಮೈ. ಬೀದಿಯವರು ಬಂದು ನೋಡಿ, ಶುಂಠಿ ಸಾಕಷ್ಟು ಇದೆಯಾ ಎಂದು ವಿಚಾರಿಸಿ ಹೋದರು.

ಮೂರನೇ ದಿನ ಮಧ್ಯಾಹ್ನ ಚೆನ್ನಾಜಮ್ಮ ಊರಬಾಗಿಲಿಗೆ ಬಂದಳು.

“ಬಾಗಿಲಣ್ಣ, ಒಂದು ಉಂಗುರ ಕೊಡು.”

“ಯಾರಿಗಮ್ಮ?”

“ಇನ್ಯಾರಿಗೆ, ನಮ್ಮ ನಂಜಿಗೆ.”

ನನಗೆ ಕನಿಕರವಾಯಿತು. ದುಃಖದಲ್ಲಿ ಮತಿಗೆಟ್ಟಿರಬೇಕು ಅಂದುಕೊಂಡೆ. “ಬೊಟ್ಟಿದ್ದವರಿಗೆ ಉಂಗುರ ಕೊಟ್ಟು ಏನುಪಯೋಗ ಚೆನ್ನಾಜಮ್ಮ? ನಿಂಗೇ ಗೊತ್ತಲ್ಲ,” ಅಂದೆ.

ಅವಳು ಆಚೆ ಈಚೆ ನೋಡಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. “ಅವಳಿಗೆ ಬೊಟ್ಟಿಲ್ಲ. ಅವತ್ತು ಒಳಗೆ ಹೋಗಿ ಸೂಜಿ ಹಿಡ್ಕೊಂಡೆ, ಮಗು ನನ್ನ ಬೆರಳು ಹಿಡ್ಕೊಂಡು ನೋಡ್ತಿತ್ತು. ನಾಳೆ ಇದಕ್ಕೇನಾದ್ರೂ ಆದ್ರೆ ಕಷಾಯ ಕುಡಿಸ್ತಾ ಕೂತಿರ್ಬೇಕಾ ಅನ್ನಿಸ್ತು. ಮಣ್ಣು ಬಿಟ್ಟು ಬರೀ ಹಚ್ಚೆ ಸೊಪ್ಪಿನ ರಸದಲ್ಲಿ ಚುಕ್ಕೆ ಇಟ್ಟೆ. ಹೊರಗಿನೋರಿಗೆ ಅಳು ಕೇಳ್ಬೇಕಲ್ಲ, ಅದಕ್ಕೆ ತೊಡೆ ಚಿವುಟಿದೆ.”

ಹತ್ತೊಂಬತ್ತು ವರ್ಷ ದಿನಾ ಉಂಗುರ ಮುಟ್ಟಿದ ಹುಡುಗಿ ಬದುಕಿದ್ದಾದರೂ ಹೇಗೆ ಎಂದು ಕೇಳಿದೆ. ಗುಂಡಿಯ ತೆಂಕಣ ಮೂಲೆಯಲ್ಲಿ ಬೇರೆ ಬಗೆಯ ಜೀವಾಣುಗಳಿವೆಯಂತೆ. ಅವಕ್ಕೆ ಬೊಟ್ಟಿನ ಗೊಡವೆಯಿಲ್ಲ. ಉಂಗುರ ಎಚ್ಚರಾಗುತ್ತಲೇ ಅದರ ಮೇಲೆ ಒಂದು ಸಿಹಿಯ ತುಣುಕು ಕೂರಿಸಿ ಮಲಗಿಸಿಬಿಡುತ್ತವೆ, ಮನೆಯಿಂದ ಆಚೆ ಹಾಕಿದ ಮೇಲೆ ಆ ಸಿಹಿಯನ್ನು ತೆಗೆದು ಎಬ್ಬಿಸುತ್ತವೆ. ಬಾಣಂತಿಯಾಗಿದ್ದಾಗ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಗುಂಡಿಯ ಹತ್ತಿರ ಸುತ್ತಾಡುತ್ತಿದ್ದ ಚೆನ್ನಾಜಮ್ಮ ಅದನ್ನು ನೋಡಿಕೊಂಡಳು. ಸಾಕ್ಷಿಸುತ್ತಿನಲ್ಲಿ ಉಂಗುರ ಮನೆಗೆ ಬಂದ ಕೂಡಲೇ ಜೋನಿಬೆಲ್ಲದ ಒಂದು ಹನಿ ಕೂರಿಸಿ, ಆಮೇಲೆ ಮಗಳ ಕೈಗೆ ಮುಟ್ಟಿಸುತ್ತಿದ್ದಳು.

“ಒಂದು ಹನಿ ಅಷ್ಟೇ,” ಅಂದಳು. “ಹೊರಗಿನೋರ ಹೊಟ್ಟೆ ಅಷ್ಟನ್ನ ಕರಗಿಸ್ಕೊಳ್ಳುತ್ತೆ. ನಾನೇನು ಲೋಕಕ್ಕೆ ಕೇಡು ಬಗೆದೋಳಲ್ಲ.”

ನಾನು ಉಂಗುರ ಕೊಟ್ಟೆ. ನಿಯಮ ಮುರಿಯುತ್ತಿದ್ದೇನೆ ಎಂಬ ಹೆದರಿಕೆಗಿಂತ ಹುಡುಗಿ ಉಳಿಯುತ್ತಾಳೆ ಎಂಬ ಸಂತೋಷವೇ ಹೆಚ್ಚಾಗಿತ್ತು. ಆದರೆ ಮರುದಿನವೂ ಜ್ವರ ಇಳಿಯಲಿಲ್ಲ. ಅದರ ಮರುದಿನ ನಂಜಮಣಿಯ ತುಟಿ ನೀಲಿಗೆ ತಿರುಗಿತು, ಒಂದೊಂದು ಉಸಿರಿಗೂ ಮೂಗಿನ ಹೊಳ್ಳೆ ಅರಳತೊಡಗಿತು. ಚೆನ್ನಾಜಮ್ಮ ಮತ್ತೆ ಬಂದಾಗ ಅವಳ ಮುಖ ನೋಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ.

“ನಾನೇ ಮರೆತು ನಿಜವಾದ ಬೊಟ್ಟು ಹಾಕ್ಬಿಟ್ಟೆನಾ ಬಾಗಿಲಣ್ಣ? ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಸೂಜಿ ಯಾವ ಬಟ್ಟಲಿಗೆ ಅದ್ದಿದೆ ಅಂತ ನೆನಪು ಮಾಡ್ಕೊಂಡು ಮಾಡ್ಕೊಂಡು ತಲೆ ಕೆಟ್ಟುಹೋಗಿದೆ.”

ಆಗ ನಾನು ಒಂದು ಸಂಗತಿ ಹೇಳಬೇಕಾಯಿತು, ಹೇಳಲು ನಾಚಿಕೆಯೂ ಆಯಿತು. ಎರಡು ವರ್ಷದಿಂದ ಹೊರಗಿನ ಊರುಗಳಿಂದ ನನಗೆ ಕಾಗದಗಳು ಬರುತ್ತಲೇ ಇದ್ದವು. ಮದ್ದು ಕೆಲಸ ಮಾಡುತ್ತಿಲ್ಲ, ಮಗು ಉಳಿಯಲಿಲ್ಲ, ತಾಯಿ ಉಳಿಯಲಿಲ್ಲ ಎಂದು. ಗುರುಸಿದ್ಧಯ್ಯನವರಿಗೆ ತೋರಿಸಿದರೆ, ಕ್ರಿಮಿಗಳಿಗೆ ಈಗ ಕೊಬ್ಬು ಜಾಸ್ತಿಯಾಗಿದೆ, ಹಾಗಂತ ಬರೆದು ಹಾಕು ಅನ್ನುತ್ತಿದ್ದರು. ನಾನು ಎಲ್ಲರಿಗೂ ಒಂದೇ ಉತ್ತರ ಬರೆದೆ: ನಮ್ಮ ಮದ್ದು ಸರಿಯಿದೆ, ನಿಮ್ಮ ರೋಗ ಸರಿಯಿಲ್ಲ. ಆ ವಾಕ್ಯ ಚೆನ್ನಾಗಿ ಬಂದಿದೆ ಎಂದು ಆಗ ನನಗೆ ಅನ್ನಿಸಿತ್ತು.

ಚೆನ್ನಾಜಮ್ಮ ಅವತ್ತು ತಾನೇ ಬಂದಿದ್ದ ಉಂಗುರವನ್ನು ತಟ್ಟೆಯಿಂದ ಎತ್ತಿ ನಾಲಗೆಯ ತುದಿಗೆ ಮುಟ್ಟಿಸಿದಳು. ಎಚ್ಚರಿರುವ ಉಂಗುರ ಬೇವಿಗಿಂತ ಕಹಿ ಎಂದು ಎಲ್ಲರಿಗೂ ಗೊತ್ತು. ಅವಳ ಮುಖ ಕಿವುಚಲಿಲ್ಲ. ಕಣ್ಣು ಮುಚ್ಚಿಕೊಂಡು, ಹಬ್ಬದ ದಿನ ನೆರೆಮನೆಯಿಂದ ಬಂದ ಪಾಯಸದ ರುಚಿ ನೋಡುವವಳ ಹಾಗೆ ನಿಂತಳು.

“ಸಿಹಿ,” ಅಂದಳು. “ಸಕ್ಕರೆ, ಇದು ಒಂಬತ್ತನೇ ಮನೆ ಪುಟ್ಟರಂಗಮ್ಮಂದು, ಅವಳು ಸಾರಿಗೂ ಸಕ್ಕರೆ ಹಾಕೋಳು. ಇದು ತಾಟಿಬೆಲ್ಲ, ಎಂಟನೇ ಮನೆ. ಇದು ನಂದು. ಆರನೇ ಮನೆ ಖರ್ಜೂರ. ಇದ್ಯಾವುದು, ಐದನೇ ಮನೆಯ ಬಾಳೆಹಣ್ಣಿನ ಪಾಕ. ಕಲ್ಲುಸಕ್ಕರೆ. ಅಂಜೂರ. ಎಲ್ಲಕ್ಕಿಂತ ಅಡೀಲಿ ಹೆಜ್ಜೇನು.”

ಬೀದಿಯಲ್ಲಿ ಹೆಜ್ಜೇನು ಇಟ್ಟುಕೊಳ್ಳುವವರು ಗುರುಸಿದ್ಧಯ್ಯನವರು ಒಬ್ಬರೇ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರತಿ ಮನೆಯವರೂ ಬಾಗಿಲು ಹಾಕಿಕೊಂಡು, ಇಡೀ ಬೀದಿಯಲ್ಲಿ ತಪ್ಪು ಮಾಡುತ್ತಿರುವವರು ತಾವೊಬ್ಬರೇ ಎಂದು ಹೆದರುತ್ತಾ, ತಂತಮ್ಮ ಮಗುವಿಗಾಗಿ ಒಂದೊಂದೇ ಹನಿ ಸಿಹಿ ಹಾಕಿದ್ದರು. ಒಂದು ಹನಿಯನ್ನು ಹೊರಗಿನವರ ಹೊಟ್ಟೆ ಕರಗಿಸಿಕೊಳ್ಳುತ್ತಿತ್ತು. ವರ್ಷ ಕಳೆದಂತೆ ಮನೆಗಳು ಒಂದೊಂದಾಗಿ ಸೇರಿಕೊಂಡು ಅದು ಎಂಟಾಗಿತ್ತು. ಎಂಟು ಹನಿ ಹೊದ್ದು ಮಲಗಿದ ಉಂಗುರವನ್ನು ಎಬ್ಬಿಸುವ ಹೊಟ್ಟೆ ಯಾವ ಊರಿನಲ್ಲೂ ಇರಲಿಲ್ಲ. ನನಗೆ ನಗು ಬಂತು, ಕಾಗದಗಳ ನೆನಪಾಗಿ ಅದು ಅಲ್ಲೇ ನಿಂತಿತು.

ಒಂದು ಕೈ ಕೂರಿಸಿದ ಸಿಹಿಯನ್ನು ಆ ಕೈಯೇ ತೆಗೆಯಬೇಕು, ಅದೂ ಮೇಲಿನಿಂದ ಒಂದೊಂದಾಗಿ. ಚೆನ್ನಾಜಮ್ಮ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಗಿಳಿದಳು. ಬಿಸಿಲಿತ್ತು, ಎಲ್ಲರ ಜಗಲಿಯಲ್ಲೂ ಜನ ಇದ್ದರು. ನಾನು ಊರಬಾಗಿಲನ್ನು ಬಿಟ್ಟು ಅವಳ ಹಿಂದೆ ಹೋದೆ. ಬಾಗಿಲು ಬಿಟ್ಟು ಹೋದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಒಂಬತ್ತನೇ ಮನೆಯ ಪುಟ್ಟರಂಗಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ಚೆನ್ನಾಜಮ್ಮನ ಕೈಯಲ್ಲಿದ್ದುದನ್ನು ಕಂಡವಳೇ ಎದ್ದು ನಿಂತು, “ನಮ್ಮನೇಲಿ ಸಕ್ಕರೆ ಡಬ್ಬಿ ಖಾಲಿಯಾಗಿ ತಿಂಗಳಾಯ್ತು ಕಣಕ್ಕ,” ಅಂದಳು. ಸಕ್ಕರೆಯ ಮಾತನ್ನು ಇನ್ನೂ ಯಾರೂ ಎತ್ತಿರಲಿಲ್ಲ.

“ನಾನೇನೂ ಕೇಳ್ಲಿಲ್ಲ ಪುಟ್ಟರಂಗಿ. ನಂಜಿಗೆ ಉಸಿರು ಸಿಕ್ತಿಲ್ಲ. ಇದನ್ನ ಒಂದು ಗಳಿಗೆ ನಿಮ್ಮ ದೇವರ ಮುಂದೆ ಇಟ್ಟು ಕೊಡು, ಅಷ್ಟು ಸಾಕು.”

ಪುಟ್ಟರಂಗಮ್ಮ ಉಂಗುರ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಒಲೆಯ ಹೊಗೆ ಅಂದಳು. ಒಲೆ ಉರಿಯುತ್ತಿರಲಿಲ್ಲ.

ಎಂಟನೇ ಮನೆಯಲ್ಲೂ ಹೀಗೇ ಆಯಿತು. ಏಳನೆಯದು ಅವಳದೇ ಮನೆ. ಒಳಗೆ ಹೋಗಿ ತನ್ನ ಜೋನಿಬೆಲ್ಲದ ಹನಿಯನ್ನು ತೆಗೆದಳು, ಮಗಳ ಹಣೆ ಮುಟ್ಟಿ ಬಂದಳು. ಆರನೇ ಮನೆಯ ಮುದುಕ ಮೊದಲು ಕೂಗಾಡಿದ, ನನ್ನ ಮೇಲೆ ಅನುಮಾನ ಪಡ್ತೀಯಾ ಎಂದು ಕೋಲು ಎತ್ತಿದ, ಆಮೇಲೆ ಕೋಲನ್ನು ಗೋಡೆಗೊರಗಿಸಿ ಉಂಗುರಕ್ಕೆ ಕೈ ಚಾಚಿದ. ಐದನೇ ಮನೆಯವರು ನಾವು ಕೇಳುವ ಮೊದಲೇ ದೇವರಿಗೆ ದೀಪ ಹಚ್ಚಿಟ್ಟುಕೊಂಡು ಕಾಯುತ್ತಿದ್ದರು. ಅಷ್ಟರಲ್ಲಿ ಸುದ್ದಿ ಬೀದಿಯಲ್ಲಿ ನಮಗಿಂತ ಮುಂದೆ ಓಡಿತ್ತು.

ನಾಲ್ಕನೇ ಮನೆಯ ಮುಂದೆ ಚೆನ್ನಾಜಮ್ಮ ನಿಲ್ಲದೆ ಮುಂದಕ್ಕೆ ಹೋಗಲು ನೋಡಿದಳು. ಜಗಲಿಯ ಮೇಲೆ ಕೂತಿದ್ದ ಮರಿಯಪ್ಪ ಅವಳನ್ನು ತಡೆದ. ಹೋದ ವರ್ಷ ಇದೇ ಚಳಿಯಲ್ಲಿ, ಇದೇ ಕಾಯಿಲೆಯಲ್ಲಿ, ಹದಿನಾರು ವರ್ಷದ ಮಗನನ್ನು ಕಳಕೊಂಡವನು ಅವನು. ಹೆಂಡತಿ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದಳು.

“ನಮ್ಮನೆ ಯಾಕೆ ಬಿಟ್ಟೆ ಚೆನ್ನಾಜಮ್ಮ?”

“ನಿಮ್ಮನೆ ರುಚಿ ಇದ್ರಲ್ಲಿ ಇಲ್ಲ ಮರಿಯಪ್ಪ.”

ಅವನು ಮೇಲಿನ ಮೂರು ಮನೆ ನೋಡಿದ, ಕೆಳಗಿನ ಐದು ಮನೆ ನೋಡಿದ. ಜಗಲಿಗಳ ಮೇಲೆ ನಿಂತಿದ್ದವರೆಲ್ಲ ತಲೆ ತಗ್ಗಿಸಿದರು. “ನನ್ನೊಬ್ಬನ್ನ ಬಿಟ್ಟು ಎಲ್ಲರೂನಾ?” ಎಂದು ಕೇಳಿದ. “ನನ್ನ ಹೆಂಡ್ತಿ ಬೊಟ್ಟು ಹಾಕೋವಾಗ ಕೈ ಬರ್ತಿಲ್ಲ ಅಂತ ಅತ್ತಳು. ನಿಯಮ ಅಂದ್ರೆ ನಿಯಮ ಅಂತ ನಾನೇ ಬೈದು ಸೂಜಿ ಹಿಡಿಸಿದೆ.” ಅಷ್ಟು ಹೇಳಿ ಅವನು ಕಂಬ ಹಿಡಿದುಕೊಂಡ. ಅವನು ಬೀದಿಗೆಲ್ಲ ಕೇಳುವಂತೆ ಶಪಿಸಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು. ಅವನು ಹೆಗಲ ಮೇಲೆ ಟವೆಲು ಹಾಕಿಕೊಂಡು, “ನಡಿ, ಹುಡುಗಿಗೆ ಹೊತ್ತಾಗುತ್ತೆ. ಮುಂದಿನ ಮನೆಗೆ ನಾನೂ ಬರ್ತೀನಿ,” ಅಂದ.

ಮೂರನೇ ಮನೆ, ಎರಡನೇ ಮನೆ ಬೇಗ ಮುಗಿದವು. ಮರಿಯಪ್ಪ ಎದುರಿಗೆ ನಿಂತಿರುವಾಗ ಸುಳ್ಳು ಹೇಳುವ ಬಾಯಿ ಯಾರಿಗೂ ಇರಲಿಲ್ಲ. ಉಳಿದದ್ದು ಗುರುಸಿದ್ಧಯ್ಯನವರ ಹೆಜ್ಜೇನು ಒಂದೇ. ಅದು ಎಲ್ಲಕ್ಕಿಂತ ಅಡಿಯಲ್ಲಿದ್ದದ್ದು, ಅಂದರೆ ಸಾಕ್ಷಿಸುತ್ತಿನಲ್ಲಿ ಎಲ್ಲರಿಗಿಂತ ಮೊದಲು ಬಿದ್ದದ್ದು.

ಯಜಮಾನರು ನಡುಮನೆಯ ಮಣೆಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಗಂಟಲು ಸರಿಮಾಡಿಕೊಂಡರು. “ಏನಿದು ಮೆರವಣಿಗೆ? ಮೊದಲನೇ ಮನೆಗೆ ಬಂದು, ನಿಯಮ ಕಾಯೋ ಮನೆಗೆ ಬಂದು, ಕಳ್ಳರನ್ನ ಹುಡುಕ್ತಿದೀರಾ?”

“ಯಾರನ್ನೂ ಹುಡುಕ್ತಿಲ್ಲ ಯಜಮಾನ್ರೇ. ದೇವರ ಮುಂದೆ ಒಂದು ಗಳಿಗೆ ಇಟ್ಟು ಕೊಡಿ,” ಅಂದಳು ಚೆನ್ನಾಜಮ್ಮ. “ನಿಮ್ಮ ಕಾಲು ಹಿಡೀತೀನಿ.”

“ಬೊಟ್ಟು ಇರೋ ಹುಡುಗಿಗೆ ಉಂಗುರ ಕೊಡೋದೇ ತಪ್ಪು. ಬೊಟ್ಟಿಲ್ಲ ಅಂತಾದ್ರೆ ಅದು ಇನ್ನೂ ದೊಡ್ಡ ತಪ್ಪು. ಅಂಥ ತಪ್ಪಿಗೆ ನನ್ನ ಕೈ ಸೇರಿಸು ಅಂತೀಯಾ?”

ಆಗ ಮರಿಯಪ್ಪ ಮುಂದೆ ಬಂದ. “ದೊಡ್ಡಯ್ಯ, ಹೋದ ವರ್ಷ ನನ್ನ ಮಗ ಮಲಗಿದ್ದಾಗ ಈ ಕೈಯಲ್ಲೇ ನೀವು ಅವನ ತಲೆ ಸವರಿದ್ರಿ. ಬೊಟ್ಟಿನ ಮರ್ಯಾದೆ ಉಳಿಸಿದೆ ಮಗನೇ ಅಂದ್ರಿ. ಅವತ್ತೂ ನಿಮ್ಮನೇಲಿ ಜೇನು ಇತ್ತು. ನಾನು ಯಾಕೆ ಅಂತ ಕೇಳಲ್ಲ. ಒಳಗೆ ಹೋಗಿ, ದೇವರ ಮುಂದೆ ಇಟ್ಟು ಬನ್ನಿ.”

ಗುರುಸಿದ್ಧಯ್ಯನವರು ಎದ್ದರು. ಅವರ ನಾಲ್ಕು ವರ್ಷದ ಮೊಮ್ಮಗಳು ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು, ಅವಳನ್ನು ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತಾಯಿತು. ಹೊರಗೆ ಬಂದು ಉಂಗುರವನ್ನು ಬರಿಗೈಯಲ್ಲೇ ಚೆನ್ನಾಜಮ್ಮನ ಅಂಗೈಗೆ ಹಾಕಿದರು. ಅವಳು ನಾಲಗೆಗೆ ಮುಟ್ಟಿಸಿದಳು. ಮುಖ ಕಿವುಚಿ ಕಣ್ಣಲ್ಲಿ ನೀರು ಬಂತು. “ಕಹಿ! ಕಹಿ ಇದೆ ಬಾಗಿಲಣ್ಣ!” ಎಂದು ಕೂಗುತ್ತಾ ಸೆರಗು ಬಿಗಿದು ಓಡಿದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೇ ದಿನ ನಂಜಮಣಿಯ ಜ್ವರ ಬೆವರಾಗಿ ಇಳಿಯಿತು. ಐದನೇ ದಿನ ಗಂಜಿ ಸಪ್ಪೆಯಾಗಿದೆ ಎಂದು ತಾಯಿಯ ಮೇಲೆ ರೇಗಿದಳು. ಚೆನ್ನಾಜಮ್ಮ ಬೀದಿಗೆ ಬಂದು, ನಂಜಿ ನನ್ನ ಬೈದಳು ಎಂದು ಮನೆಮನೆಗೂ ಹೇಳಿಕೊಂಡು ಬಂದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಬಂದು ಬಲಗೈಯನ್ನು ನನ್ನ ಮುಂದೆ ಚಾಚಿದಳು. ಎಚ್ಚರಾದ ಉಂಗುರವನ್ನು ಬಿಗಿಯಾಗಿ ಹಿಡಿದು ಮನೆಗೆ ಓಡಿದ ಕೈ ಅದು. ಉಗುರು ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ. ಈಳಿಗೆಮಣೆ ತಾಗಿದ ಸಣ್ಣ ಗೀರು ಹಾಗೇ ಹಸಿಯಾಗಿತ್ತು.

“ನಂಗೂ ಬೊಟ್ಟಿಲ್ಲ ಬಾಗಿಲಣ್ಣ,” ಅಂದಳು. “ನಮ್ಮವ್ವ ನಂಗೆ ಹಾಕಿದ್ದೂ ಬರೀ ಹಚ್ಚೆ ರಸಾನೇ.”

ಅವಳ ತಾಯಿಯನ್ನು ನಾನೂ ಕಂಡಿದ್ದೆ. ಒಳ್ಳೆಯ ಮಾತು ಬಾಯಲ್ಲಿ ಬರದ ಮುದುಕಿ. ಮಗಳನ್ನು ಹತ್ತಿರ ಕೂರಿಸಿಕೊಂಡದ್ದು, ತಲೆ ನೇವರಿಸಿದ್ದು ಯಾರೂ ನೋಡಿರಲಿಲ್ಲ. ತನ್ನ ಹೆಡತಲೆಗೆ ಸೂಜಿ ಚುಚ್ಚುವಾಗ ಆ ಮುದುಕಿಯ ಕೈ ನಡುಗಿರಲಾರದು ಎಂದು ಚೆನ್ನಾಜಮ್ಮ ಎಷ್ಟೋ ಸಲ ಹೇಳಿದ್ದಳು. ಆ ತಾಯಿ ಸತ್ತಾಗ ಇವಳು ಅತ್ತಿರಲೂ ಇಲ್ಲ. ಈಗ ಊರಬಾಗಿಲ ಕಲ್ಲಿನ ಮೇಲೆ ಕೂತು, ಮಾಯದ ಗೀರನ್ನು ಇನ್ನೊಂದು ಕೈಯಿಂದ ಸವರುತ್ತಾ ಅತ್ತಳು. ಅಂಥ ಅಳುವಿಗೆ ಸಮಾಧಾನ ಬೇಕಿರಲಿಲ್ಲ. ಅದೇ ದಿನ ಕ್ಷೌರದವನು ಬಂದು, ಗುರುಸಿದ್ಧಯ್ಯನವರ ಬಲಗೈಯಲ್ಲಿ ತೆಗೆಯಲು ಉಗುರೇ ಇಲ್ಲ, ಅದಕ್ಕೆ ಯಜಮಾನರು ಯಾಕೋ ತಮ್ಮ ತಾಯಿಯನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡರು ಎಂದು ಹೇಳಿ ಹೋದ.

ಮರುವಾರ ಯಜಮಾನರು ಒಂಬತ್ತು ಮನೆಯ ಸಭೆ ಕರೆದರು. ಸಿಹಿಯ ಮಾತನ್ನು ಯಾರೂ ಎತ್ತಲಿಲ್ಲ. ಬೊಟ್ಟಿನ ನಿಯಮ ಒಂದು ಅಕ್ಷರವೂ ಬದಲಾಗುವುದಿಲ್ಲ ಎಂದು ಗುರುಸಿದ್ಧಯ್ಯನವರು ಮೊದಲೇ ಗುಡುಗಿದರು, ಎಲ್ಲರೂ ತಲೆಯಾಡಿಸಿದರು. ಆಮೇಲೆ ಅವರು, ಮಣ್ಣಿಗೆ ನಾವು ತೋರಿಸುತ್ತಿರುವ ಗೌರವ ಸಾಲದು, ಆದ್ದರಿಂದ ಇನ್ನು ಮುಂದೆ ಸಾಕ್ಷಿಸುತ್ತು ಎರಡು ಸಲ, ಮೇಲಿನಿಂದ ಕೆಳಕ್ಕೊಮ್ಮೆ, ಕೆಳಗಿನಿಂದ ಮೇಲಕ್ಕೊಮ್ಮೆ, ಎರಡು ಸಲವೂ ಬಾಗಿಲು ಹಾಕಿಕೊಂಡು ದೇವರ ಮುಂದೆ ಇಡತಕ್ಕದ್ದು ಎಂದರು. ಗುಂಡಿಯ ತೆಂಕಣ ಮೂಲೆಯಲ್ಲಿ ಇಂಥದ್ದೊಂದು ಪದ್ಧತಿ ಇರುವಂತೆ ತೋರುತ್ತದೆ ಎಂದೂ ಸೇರಿಸಿದರು. ಮೇಲಿನ ತುದಿ ತಲುಪಿದ ಉಂಗುರವನ್ನು ಬರಿಗೈಯಲ್ಲಿ ತಂದು ನನಗೆ ಒಪ್ಪಿಸುವುದಕ್ಕೆ ತಿಂಗಳಿಗೊಂದು ಮನೆಯ ಸರದಿ. ಆ ತಿಂಗಳು ಆ ಮನೆಯ ಹಿರಿಯರು ಉಗುರು ತೆಗೆಯದೆ ವ್ರತ ಹಿಡಿಯಬೇಕು, ಈಳಿಗೆಮಣೆಯ ಹತ್ತಿರ ಸುಳಿಯಬಾರದು. ವ್ರತದ ಕಾರಣವನ್ನು ಒಬ್ಬರೂ ಕೇಳಲಿಲ್ಲ. ಮೊದಲ ತಿಂಗಳು ನನ್ನದು ಎಂದು ಯಜಮಾನರೇ ಕೈ ಎತ್ತಿದರು. ಅಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳಿದ ಸಭೆಯನ್ನು ನಾನು ಕಂಡಿಲ್ಲ. ಹಾಗೇ ಅವತ್ತಿನಿಂದ ನಮ್ಮ ಮದ್ದು ಮತ್ತೆ ಕೆಲಸ ಮಾಡತೊಡಗಿದ್ದೂ ನಿಜ. ಕಾಗದ ಬರೆದವರಿಗೆಲ್ಲ ನಾನು ಹೊಸ ಉಂಗುರ ಕಳಿಸಿದೆ. ಕೆಲವು ಊರಿಗೆ ಅದು ತಲುಪುವ ಹೊತ್ತಿಗೆ ಬೇಕಾದವರು ಇರಲಿಲ್ಲ. ಅವರಿಗೆ ಬರೆಯಲು ನನಗೆ ಒಳ್ಳೆಯ ವಾಕ್ಯ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲಿ ಗುರುಸಿದ್ಧಯ್ಯನವರ ಸೊಸೆ ಗಿರಿಜೆಗೆ ಗಂಡುಮಗುವಾಗಿ ಮೂರು ತಿಂಗಳು ತುಂಬಿತು. ಬೊಟ್ಟಿನ ದಿನ ಒಂಬತ್ತು ಮನೆಯವರೂ ಮೊದಲನೇ ಮನೆಯ ಜಗಲಿಯಲ್ಲಿ ಸೇರಿದರು. ನಂಜಮಣಿ ಎಲ್ಲರಿಗೂ ಪಾನಕ ಕೊಟ್ಟಳು. ಗಿರಿಜೆ ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಕಿವಿಯಾನಿಸಿ ಕೂತೆವು. ಅಳು ಬರಲಿಲ್ಲ. ಗುರುಸಿದ್ಧಯ್ಯನವರು ಕೆಮ್ಮಿದರು. ಪುಟ್ಟರಂಗಮ್ಮ ಲೋಟದೊಳಗೆ ನೋಡುತ್ತಾ ಕೂತಳು. ಆ ತಾಯಿಗೆ ಚಿವುಟುವುದಕ್ಕೂ ಮನಸ್ಸು ಬಂದಿರಲಿಲ್ಲ ಅಂತ ಕಾಣುತ್ತದೆ. ಒಳಗಿನಿಂದ ಮೊದಲು ಒಂದು ಸಣ್ಣ ಗುರುಗುರು ಕೇಳಿಸಿತು, ಆಮೇಲೆ ಮಗು ಕಿಲಕಿಲ ನಗತೊಡಗಿತು. ಬಾಗಿಲು ತೂರಿಕೊಂಡು, ಜಗಲಿ ದಾಟಿಕೊಂಡು ಬೀದಿಗೆಲ್ಲ ಕೇಳುವಂತೆ ನಕ್ಕಿತು.

ಎಲ್ಲರ ಕಣ್ಣೂ ಮರಿಯಪ್ಪನ ಕಡೆ ತಿರುಗಿತು. ಅವನು ಕಂಬಕ್ಕೊರಗಿ, ಮುಚ್ಚಿದ ಬಾಗಿಲನ್ನೇ ನೋಡುತ್ತಾ ಆ ನಗುವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

“ಅಯ್ಯೋ ಪಾಪ, ಎಷ್ಟು ಅಳ್ತಿದೆ ನೋಡಿ ಮಗು.”